ನಮ್ಮತ್ತೆಗೆ ಆಟ ತೋರಿಸದ ಪ್ರಸಾರ ಹಕ್ಕಿನವರಿಗೆ

ಇವರಿಗೆ,
ಪ್ರಸಾರ ಹಕ್ಕುಗಳ ವಿಭಾಗದ ಮುಖ್ಯಸ್ಥರು,
ಮಿನಾಮಿಕಾಜೆ ಸ್ಪೋರ್ಟ್ಸ್ ವಿಷನ್ ಕಂಪನಿ,
ಶಿನಾಗಾವಾ, ಟೋಕಿಯೊ.

ಮಾನ್ಯರೇ,

ಈ ದೇಶದಲ್ಲಿ ಋತುವಿನ ಕುಶಲ ವಿಚಾರಿಸದೆ ಯಾವ ಪತ್ರವನ್ನೂ ಶುರುಮಾಡಬಾರದೆಂದು ನನ್ನ ಪ್ರಯೋಗಾಲಯದ ಹಿರಿಯರು ಕಲಿಸಿದ್ದಾರೆ. ಆದ್ದರಿಂದ, ಗಿಂಕೊ ಎಲೆಗಳು ಹಳದಿಯಾಗಿ ಉದುರುತ್ತಿರುವ ಈ ದಿನಗಳಲ್ಲಿ ತಾವೂ, ತಮ್ಮ ಕ್ಯಾಮೆರಾಗಳೂ, ಎಲ್ಲಕ್ಕಿಂತ ಮುಖ್ಯವಾಗಿ ತಮ್ಮ ಕರಾರುಪತ್ರಗಳೂ ಸೌಖ್ಯವೆಂದು ನಂಬಿದ್ದೇನೆ. ನಮ್ಮ ಕಡೆ ಎಲ್ಲರೂ ಕ್ಷೇಮ, ನಮ್ಮತ್ತೆಯವರ ಬಲಗಾಲಿನ ಹರಡೊಂದನ್ನು ಬಿಟ್ಟು.

ನನ್ನ ಹೆಸರು ಯಾಮಿನಿ. ನಗೋಯಾದ ಸಂಶೋಧನಾ ಸಂಸ್ಥೆಯೊಂದರಲ್ಲಿ ಬ್ಯಾಟರಿಗಳ ಮೇಲೆ ಕೆಲಸ ಮಾಡುತ್ತೇನೆ. ಗಂಡ ಚಂದ್ರಮೋಹನ್ ಕಾರು ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ. ಮಗಳು ಕೃಪಾ ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತದೆ. ಅವಳು ಇಲ್ಲಿನ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ತಂಡಕ್ಕೆಲ್ಲ ಅವಳೇ ಗಿಡ್ಡ, ಹಾಗಾಗಿ ಚೆಂಡನ್ನು ಮುಂದಕ್ಕೆ ಒಯ್ದು ಉದ್ದದವರಿಗೆ ಹಂಚುವ ಕೆಲಸ ಅವಳದು. ಇದು ಅವಳ ಕಾಲೇಜಿನ ಕೊನೆಯ ವರ್ಷ. ಅವಳ ಆಟ ಅವಳದೆಂದೇ ನಾನು ಇಷ್ಟು ದಿನ ತಿಳಿದುಕೊಂಡಿದ್ದೆ. ಆ ತಪ್ಪುಕಲ್ಪನೆಯನ್ನು ತಿದ್ದಿದ ತಮಗೆ ಮೊದಲ ನಮಸ್ಕಾರ.

ಇನ್ನು ನಮ್ಮತ್ತೆ. ಮೈಸೂರಿನ ಚಾಮುಂಡೇಶ್ವರಿಯವರು ಬಿ.ಎಸ್‌ಸಿ. ಓದುವಾಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದವರು. ಬಿಳಿ ಸಲ್ವಾರ್ ತೊಟ್ಟು, ಎರಡು ಜಡೆಯನ್ನೂ ಮೇಲಕ್ಕೆತ್ತಿ ಕಟ್ಟಿ, ಮಣ್ಣಿನ ಅಂಕಣದಲ್ಲಿ ಧೂಳೆಬ್ಬಿಸಿ ಆಡಿದವರು. ಮದುವೆಯಾದ ಮೇಲೆ ಆಟ ನಿಂತಿತು. ಆಟದ ಮೇಲಿನ ಅಭಿಪ್ರಾಯಗಳು ನಿಲ್ಲಲಿಲ್ಲ. ನನಗೂ ಅವರಿಗೂ ಜಗಳವಿಲ್ಲ, ಹಾಗೆಂದು ಸಲಿಗೆಯೂ ಇಲ್ಲ. ಇಷ್ಟು ವರ್ಷಗಳಿಂದ ನಾವು ಫೋನಿನಲ್ಲಿ ಆಡಿಕೊಂಡದ್ದೆಲ್ಲ ಹಬ್ಬ ಯಾವಾಗ, ಬಿ.ಪಿ. ಮಾತ್ರೆ ತಗೊಂಡಿರಾ, ಸಾರಿನಪುಡಿ ಮುಗಿಯಿತಾ ಎನ್ನುವಷ್ಟೇ. ಬ್ಯಾಸ್ಕೆಟ್‌ಬಾಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ನಿಯಮ: ಮಗಳು ಬಿದ್ದಾಗ ಕಣ್ಣು ಮುಚ್ಚಿಕೊಳ್ಳಬೇಕು.

ಕಳೆದ ವರ್ಷದವರೆಗೆ ತಂಡದ ಮ್ಯಾನೇಜರ್ ಹುಡುಗಿಯೊಬ್ಬಳು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಪಂದ್ಯಗಳನ್ನು ಇಂಟರ್ನೆಟ್ಟಿನಲ್ಲಿ ಬಿಡುತ್ತಿದ್ದಳು. ಚಿತ್ರ ಅಲುಗಾಡುತ್ತಿತ್ತು, ಅರ್ಧ ಹೊತ್ತು ಯಾರದೋ ತಲೆ ಅಡ್ಡವಿರುತ್ತಿತ್ತು. ಅತ್ತೆ ಮೈಸೂರಿನಲ್ಲಿ ತಿಂಡಿ ಮುಗಿಸಿ ಕೂತು ಅದನ್ನೇ ಕಣ್ಣಿಟ್ಟು ನೋಡುತ್ತಿದ್ದರು. ಆಟ ಮುಗಿದದ್ದೇ ತಡ ಮೊಮ್ಮಗಳಿಗೆ ಫೋನು: “ಏನೇ, ಎಡಗೈನ ದೇವರಿಗೆ ಮುಡಿಪಿಟ್ಟಿದೀಯಾ? ಅದರಲ್ಲೂ ಚೆಂಡು ಕುಟ್ಟಬೇಕು ಕಣೇ!” ಕೃಪಾ ಜಪಾನಿಯ ಹೌದಿನಲ್ಲಿ “ಹಾಯ್, ಅಜ್ಜಿ, ಹಾಯ್” ಎನ್ನುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಮುಂದಿನ ಪಂದ್ಯದಲ್ಲಿ ಎಡಗೈ ಓಡುತ್ತಿತ್ತು.

ಈ ವರ್ಷ ತಮ್ಮ ಕಂಪನಿ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟದಿಂದ ಎಲ್ಲ ಪಂದ್ಯಗಳ ಪ್ರಸಾರ ಹಕ್ಕನ್ನು ಒಟ್ಟಿಗೆ ಕೊಂಡಿತು. ಅದರಲ್ಲಿ ನನಗೇನೂ ತಕರಾರಿರಲಿಲ್ಲ. ನಮ್ಮ ಕಡೆ ಕೆರೆಯ ಮೀನನ್ನು ಹರಾಜು ಹಾಕುತ್ತಾರೆ, ಹರಾಜು ಹಿಡಿದವನೊಬ್ಬನೇ ಬಲೆ ಬೀಸಬೇಕು. ಒಕ್ಕೂಟಕ್ಕೆ ಹಣ, ಅದರಲ್ಲಿ ಕಾಲೇಜುಗಳಿಗೆ ಪಾಲು, ಆ ಪಾಲಿನಲ್ಲಿ ತಂಡಕ್ಕೊಂದು ಬಸ್ಸು, ಹೊಸ ಚೆಂಡುಗಳು. ಬೇರೆ ಯಾರಿಗೂ ಇಲ್ಲದಿದ್ದರೆ ತಾನೇ ಹಕ್ಕಿಗೆ ಬೆಲೆ; ಆದ್ದರಿಂದ ಮ್ಯಾನೇಜರ್ ಹುಡುಗಿಯ ಮೊಬೈಲು ಚೀಲದೊಳಗೆ ಹೋಯಿತು. ಇನ್ನು ಮೇಲೆ ಚಿತ್ರ ಅಲುಗಾಡುವುದಿಲ್ಲವೆಂದು ಹಿಗ್ಗಿ ನಾನು ಚಂದಾದಾರಳಾದೆ, ಅತ್ತೆಯ ಹೆಸರಿನಲ್ಲೂ ಒಂದು ಖಾತೆ ತೆರೆದೆ. ಹರಾಜು ಹಿಡಿದವನು ಬಲೆಯನ್ನೂ ಬೀಸದೆ, ದಡದಲ್ಲಿ ನಿಂತು ನೀರು ನೋಡುವವರನ್ನೂ ಓಡಿಸುವ ಪದ್ಧತಿ ನಮ್ಮ ಕೆರೆಗಳಲ್ಲಿ ಇಲ್ಲದ್ದರಿಂದ, ಮುಂದಾದದ್ದು ನನಗೆ ಹೊಳೆಯಲಿಲ್ಲ.

ಮೊದಲ ಪಂದ್ಯದ ದಿನ ಅತ್ತೆಯ ಫೋನು ಬಂತು.

“ಯಾಮಿನಿ, ಇಲ್ಲೊಂದು ಕರಡಿ ಬಂದು ನಮಸ್ಕಾರ ಮಾಡ್ತಾ ನಿಂತಿದೆ. ಕೃಪಾ ಎಲ್ಲಿ?”

ತಮ್ಮ ಕಂಪನಿಯ ಲಾಂಛನವಾದ ಆ ಕರಡಿಮರಿಯ ಕೆಳಗೆ, ಈ ಪ್ರಸಾರವು ತಾವಿರುವ ಪ್ರದೇಶದಲ್ಲಿ ಲಭ್ಯವಿಲ್ಲವೆಂದು ಬರೆದಿತ್ತಂತೆ. ನಾನು ತಮ್ಮ ಸಹಾಯವಾಣಿಗೆ ಫೋನಾಯಿಸಿದೆ. ಅಲ್ಲಿನ ಓಕುಬೊ-ಸಾನ್ ಅವರಷ್ಟು ವಿನಯವಂತರನ್ನು ನಾನು ಕಂಡಿಲ್ಲ. ಜಪಾನಿಯಲ್ಲಿ ನಡೆದ ನಮ್ಮ ಮಾತಿನ ಸಾರ ಇದು.

“ಸುಮಿಮಾಸೆನ್, ಕ್ಷಮಿಸಬೇಕು, ನಮ್ಮ ಹಕ್ಕು ಜಪಾನಿಗಷ್ಟೇ ಸೀಮಿತ.”

“ಹಾಗಾದರೆ ಭಾರತದ ಹಕ್ಕು ಯಾರ ಹತ್ತಿರ ಇದೆ? ಅವರನ್ನೇ ಕೇಳುತ್ತೇನೆ.”

“ಅದನ್ನು ಇನ್ನೂ ಯಾರೂ ಕೊಂಡಿಲ್ಲ.”

“ಯಾರೂ ಕೊಂಡಿಲ್ಲವೆಂದರೆ, ನಮ್ಮ ಮ್ಯಾನೇಜರ್ ಹುಡುಗಿ ಅಲ್ಲಿಗೆ ಮಾತ್ರ ತೋರಿಸಬಹುದಲ್ಲವೇ?”

“ಆಗುವುದಿಲ್ಲ. ಅವರಿಗೆ ನಷ್ಟವಾದೀತು.”

“ಯಾರಿಗೆ?”

“ಮುಂದೆ ಕೊಳ್ಳುವವರಿಗೆ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ನಮ್ಮಲ್ಲಿ ಗೇಲಿ ಮಾಡುತ್ತಾರೆ. ತಮ್ಮ ಸಂಸ್ಥೆ ಕುಲಾವಿಗೆ ಕಾವಲನ್ನೂ ಹಾಕಿಸಿದೆ. ಇಂಥ ದೂರದೃಷ್ಟಿಗೆ ನಾನು ತಲೆಬಾಗಲೇಬೇಕು. ನಮ್ಮ ಪ್ರಯೋಗಾಲಯದಲ್ಲಿ ಕೂಡ ಇನ್ನೂ ಹುಟ್ಟದವರ ಹಿತವನ್ನು ಇಷ್ಟು ಕಾಳಜಿಯಿಂದ ನೋಡುವವರಿಲ್ಲ.

ವಿಷಯ ತಿಳಿಸಿದಾಗ ಅತ್ತೆ, “ಪ್ರದೇಶ ಸರಿಯಿಲ್ಲ ಅಂತ ತಾನೇ? ನಾನೇ ಪ್ರದೇಶ ಬದಲಾಯಿಸ್ತೀನಿ ಬಿಡು,” ಎಂದರು. ಮಗ ಎಷ್ಟು ಕರೆದರೂ ಬಾರದಿದ್ದವರು, ಚಳಿ ಎಂದು, ಮಂಡಿನೋವೆಂದು ವರ್ಷಗಟ್ಟಲೆ ಮುಂದೂಡಿದವರು, ಸೆಮಿಫೈನಲ್ ಹೊತ್ತಿಗೆ ಹೊಸ ಬಿಳಿ ಬೂಟು ತೊಟ್ಟು ನಗೋಯಾದಲ್ಲಿ ಇಳಿದರು. ಹೆತ್ತ ಮಗನಿಂದ ಆಗದ್ದನ್ನು ತಮ್ಮ ಕರಡಿ ಮಾಡಿತು. ಇದಕ್ಕೆ ಎರಡನೆಯ ನಮಸ್ಕಾರ.

ಹರಡಿನ ವಿಷಯಕ್ಕೆ ಈಗ ಬರುತ್ತೇನೆ. ಸೆಮಿಫೈನಲ್ ನಡೆಯುವುದು ಕೋಬೆಯಲ್ಲಿ. ನಾವು ಮೂವರೂ ರೈಲಿನಲ್ಲಿ ಹೋಗುವುದೆಂದು ಟಿಕೆಟ್ ಮಾಡಿಸಿಯಾಗಿತ್ತು. ಹಿಂದಿನ ದಿನ ಸಂಜೆ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗದಲ್ಲಿ, ಒಂದು ಕಾಲನ್ನು ಊರಿ ಇನ್ನೊಂದರಲ್ಲಿ ಸುತ್ತಿ ಎದುರಾಳಿಯನ್ನು ಹೇಗೆ ಏಮಾರಿಸಬೇಕೆಂದು ಅತ್ತೆ ಮೊಮ್ಮಗಳಿಗೆ ತೋರಿಸಿಕೊಟ್ಟರು. ಎದುರಾಳಿ, ಅಂದರೆ ನನ್ನ ಗಂಡ, ನಿಜಕ್ಕೂ ಏಮಾರಿದರು. ಅತ್ತೆಯ ಕಾಲು ಮಾತ್ರ ಊರಿದಲ್ಲೇ ಉಳುಕಿತು. “ದೈಜೋಬು, ಅಜ್ಜಿ?” ಎಂದು ಕೃಪಾ ಅಳುಮುಖ ಮಾಡಿದಳು. “ನನಗೇನೂ ಆಗಿಲ್ಲ. ಸುತ್ತಿದ್ದು ನೋಡಿದೆಯಲ್ಲ, ಅಷ್ಟು ಸಾಕು,” ಎಂದರು ಅತ್ತೆ, ಮಗನ ಹೆಗಲಿಗೆ ಜೋತುಬಿದ್ದುಕೊಂಡೇ.

ಡಾಕ್ಟರು ಕಾಲಿಗೆ ಪಟ್ಟಿ ಬಿಗಿದು ಅಲುಗಾಡಬೇಡಿ ಎಂದರು. ಗಂಡ ಅಮ್ಮನ ಜೊತೆ ಉಳಿದರು, ಕೃಪಾ ತಂಡದ ಬಸ್ಸಿನಲ್ಲಿ ಹೋದಳು, ನಾನೊಬ್ಬಳೇ ರೈಲು ಹತ್ತಿದೆ. ಅತ್ತೆಗೆ ಅಷ್ಟೇನೂ ಬೇಸರವಾಗಲಿಲ್ಲ. ಈಗ ಪ್ರದೇಶ ಸರಿಯಾಗಿದೆ, ಟಿ.ವಿ. ದೊಡ್ಡದಿದೆ, ಚಂದಾ ಚಾಲ್ತಿಯಲ್ಲಿದೆ. ನಾವಂತೂ ಪ್ರತಿ ಪಂದ್ಯಕ್ಕೂ ಖುದ್ದಾಗಿ ಹೋಗುತ್ತಿದ್ದುದರಿಂದ ಆ ಚಂದಾವನ್ನು ಮನೆಯಲ್ಲಿ ಇನ್ನೂ ಬಳಸಿ ನೋಡಿರಲಿಲ್ಲ. ಆಟ ಶುರುವಾಗುವ ಹೊತ್ತಿಗೆ ಗಂಡನ ಫೋನು ಬಂತು.

“ಯಾಮಿನಿ, ಇಲ್ಲೂ ಕರಡಿ ಬಂತು ಕಣೇ.”

ಓಕುಬೊ-ಸಾನ್ ಅವರನ್ನು ಮತ್ತೆ ಕೇಳಿದಾಗ ತಿಳಿಯಿತು: ಆಡುವ ತಂಡದ ಸ್ವಂತ ಜಿಲ್ಲೆಯಲ್ಲಿ ತೋರಿಸುವ ಹಕ್ಕನ್ನು ತಾವು ಪ್ರತ್ಯೇಕವಾಗಿ ಅಲ್ಲಿನ ಕೇಬಲ್ ಚಾನೆಲ್ಲೊಂದಕ್ಕೆ ಮಾರಿದ್ದೀರಿ, ಆದ್ದರಿಂದ ಆ ಜಿಲ್ಲೆಯಲ್ಲಿ ತಾವೇ ತೋರಿಸುವಂತಿಲ್ಲ. ಕೇಬಲ್ ಚಾನೆಲ್ಲಿನವರು ತೋರಿಸಬಹುದು, ಆದರೆ ತೋರಿಸಲೇಬೇಕೆಂದಿಲ್ಲ. ಅವರು ಆ ಹೊತ್ತಿನಲ್ಲಿ ನೆಲದ ಧೂಳು ಹೀರುವ ಯಂತ್ರವನ್ನು ಮಾರುತ್ತಿದ್ದರು. ಹೀಗೆ ಮೈಸೂರು ತೀರಾ ದೂರವಾಯಿತು, ನಗೋಯಾ ತೀರಾ ಹತ್ತಿರವಾಯಿತು. ಕೃಪಾಳ ಹೆಸರನ್ನೇ ಕೇಳದ ಉತ್ತರದ ಮೀನುಗಾರರೂ ದಕ್ಷಿಣದ ಕಿತ್ತಳೆ ಬೆಳೆಗಾರರೂ ಅವಳನ್ನು ನಿರಾತಂಕವಾಗಿ ನೋಡಬಹುದಿತ್ತು. ಅವಳ ಅಜ್ಜಿ ನೋಡುವಂತಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ನಮ್ಮ ಹಳೆಯ ದೂರು. ವರವನ್ನು ಗುಡಿಯ ಬಾಗಿಲಲ್ಲಿ ನಿಂತವರನ್ನು ಬಿಟ್ಟು ಮಿಕ್ಕೆಲ್ಲರಿಗೂ ಕೊಡುವ ಪೂಜಾರಿ ಹೊಸಬ.

ನಾನು ಮೊಬೈಲೆತ್ತಿ ಮನೆಗೆ ವಿಡಿಯೊ ಕರೆ ಮಾಡಿ ಅಂಕಣದ ಕಡೆ ಹಿಡಿದೆ. ಎರಡು ನಿಮಿಷ ಅತ್ತೆ ನೋಡಿರಬಹುದು. ತೋಳಿಗೆ ತಮ್ಮ ಕಂಪನಿಯ ಪಟ್ಟಿ ಕಟ್ಟಿಕೊಂಡ ನೊನಾಕಾ-ಸಾನ್ ಎಂಬ ಮೇಲ್ವಿಚಾರಕರು ಬಂದು ಮೊಣಕಾಲೂರಿ ಕೂತು, ಪಿಸುದನಿಯಲ್ಲಿ ಕೇಳಿದರು.

“ಸುಮಿಮಾಸೆನ್, ತಾವು ಚಿತ್ರವನ್ನು ಹೊರಗೆ ಕಳಿಸುತ್ತಿದ್ದೀರಾ?”

“ಅತ್ತೆಗೆ ತೋರಿಸುತ್ತಿದ್ದೇನೆ.”

“ಅತ್ತೆಯವರು ಯಾವ ಪ್ರಸಾರ ಸಂಸ್ಥೆಗೆ ಸೇರಿದವರು?”

“ನಮ್ಮ ಮನೆಗೆ ಸೇರಿದವರು.”

ಅವರು ಸಂಕಟದ ಮುಖ ಮಾಡಿ ತಲೆಬಾಗಿದರು. ನಾನು ಚಿತ್ರ ನಿಲ್ಲಿಸಿದೆ, ಕರೆಯನ್ನು ಮಾತ್ರ ಹಾಗೇ ಉಳಿಸಿಕೊಂಡೆ. “ಅತ್ತೆ, ತೋರಿಸೋ ಹಾಗಿಲ್ವಂತೆ. ಹೇಳ್ತೀನಿ, ಕೇಳಿ. ಕೃಪಾ ಪಾಸ್ ಮಾಡಿದ್ಲು, ಯಾರೋ ಶೂಟ್ ಮಾಡಿದ್ರು, ಮಿಸ್ ಆಯ್ತು, ಫೌಲ್!” ನೊನಾಕಾ-ಸಾನ್ ಎರಡು ಹೆಜ್ಜೆ ಹೋದವರು ಹಿಂದಿರುಗಿದರು. ಪಾಸು, ಶೂಟು, ಫೌಲು ಇವೆಲ್ಲ ಜಪಾನಿಯಲ್ಲೂ ಹೆಚ್ಚುಕಡಿಮೆ ಹಾಗೇ ಇವೆಯೆಂಬುದು ನನಗೆ ಮರೆತೇಹೋಗಿತ್ತು. ನೇರ ವೀಕ್ಷಕ ವಿವರಣೆ ಕೊಡುವ ಹಕ್ಕೂ ತಮಗೇ ಸೇರಿದ್ದೆಂದು ಅವರು ಬಹಳ ನೊಂದು ತಿಳಿಸಿದರು.

“ಯಾಕೆ ನಿಲ್ಲಿಸಿದೆ?” ಎಂದರು ಅತ್ತೆ.

“ಆಟದ ಪದ ಬಳಸಬಾರದಂತೆ, ಅತ್ತೆ. ಅವರಿಗೆ ಗೊತ್ತಾಗುತ್ತೆ.”

“ಅದಕ್ಕೇನಂತೆ? ಕನ್ನಡದಲ್ಲಿ ಹೇಳು.”

ಮಾನ್ಯರೇ, ಬೆಂಗಳೂರಿನಲ್ಲಿ ಬೆಳೆದ ನನ್ನಂಥವಳಿಗೆ ಇಂಗ್ಲಿಷ್ ಬೆರೆಸದೆ ಕನ್ನಡ ಮಾತಾಡುವುದೆಂದರೆ ಊರುಗೋಲು ಬಿಸಾಡಿ ಬೆಟ್ಟ ಹತ್ತಿದಂತೆ. ನೊನಾಕಾ-ಸಾನ್ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಹತ್ತತೊಡಗಿದೆ.

“ಚೆಂಡನ್ನ ಕುಟ್ಕೊಂಡು ಬರ್ತಿದಾಳೆ ಅತ್ತೆ. ಒಬ್ಬಳು ಉದ್ದದವಳು ಅಡ್ಡ ನಿಂತ್ಲು. ಕೃಪಾ ಬಗ್ಗಿ ಅವಳ ಕಂಕುಳ ಕೆಳಗಿಂದ ತೂರಿಕೊಂಡ್ಲು. ಎಸೆದ್ಲು. ಅಯ್ಯೋ, ಬುಟ್ಟಿಯ ಬಳೆಗೆ ತಾಗಿ ಆಚೆ ಬಿತ್ತು.”

“ಬಿದ್ದಿದ್ದು ಯಾರ ಕೈಗೆ?”

“ಗೊತ್ತಾಗ್ಲಿಲ್ಲ ಅತ್ತೆ. ನಾನು ಕೃಪಾನ್ನೇ ನೋಡ್ತಿದ್ದೆ.”

“ಅವಳನ್ನ ನೋಡಬೇಡ. ಚೆಂಡನ್ನೂ ನೋಡಬೇಡ. ಚೆಂಡು ಇಲ್ಲದವರು ಎಲ್ಲಿ ಓಡ್ತಿದಾರೆ, ಅದನ್ನ ನೋಡಿ ಹೇಳು.”

ಮಗಳು ಶಾಲೆಯಲ್ಲಿದ್ದಾಗಿನಿಂದ ನಾನು ಎಷ್ಟೋ ಪಂದ್ಯಗಳಿಗೆ ಹೋಗಿ ಕೂತಿದ್ದೇನೆ. ಅವಳ ಮೊಣಕಾಲು, ಅವಳ ಹಣೆ, ಅವಳು ಏದುಸಿರು ಬಿಡುವ ರೀತಿ ಇಷ್ಟನ್ನೇ ನೋಡಿ, ಗೆದ್ದರೋ ಸೋತರೋ ಬೋರ್ಡು ನೋಡಿ ತಿಳಿದುಕೊಂಡು ಮನೆಗೆ ಬಂದಿದ್ದೇನೆ. ಅವತ್ತು ಮೊದಲ ಸಲ ಅವಳಿಂದ ಕಣ್ಣು ಕಿತ್ತು ಉಳಿದವರನ್ನು ನೋಡಿದೆ. ಚೆಂಡಿಲ್ಲದ ಹುಡುಗಿಯರು ಸುಮ್ಮನೆ ಓಡುತ್ತಿಲ್ಲ, ಒಬ್ಬಳು ಓಡಿ ಇನ್ನೊಬ್ಬಳಿಗೆ ಜಾಗ ಮಾಡಿಕೊಡುತ್ತಿದ್ದಾಳೆ, ಆ ಜಾಗ ಎಲ್ಲಿ ತೆರೆಯುತ್ತದೆಂದು ನನ್ನ ಗಿಡ್ಡ ಮಗಳಿಗೆ ಮೊದಲೇ ಗೊತ್ತಿದೆ ಎನ್ನುವುದು ಕಾಣತೊಡಗಿತು. “ಅತ್ತೆ, ಇವಳು ಈ ಕಡೆ ನೋಡ್ತಾ ಆ ಕಡೆಗೆ ಕೊಡ್ತಾಳೆ!” ಎಂದು ಕೂಗಿದೆ. “ಈಗ ಕಂಡಿತಾ ನಿನಗೆ?” ಎಂದು ಅತ್ತೆ ಆ ಕಡೆ ನಕ್ಕರು. ಅವರು ನನ್ನ ಜೊತೆ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ತಮ್ಮ ಸ್ಫಟಿಕದಂಥ ಚಿತ್ರವೇನಾದರೂ ಮನೆ ತಲುಪಿದ್ದರೆ ನಾನು ಎಂದಿನಂತೆ ಮಗಳ ಮೊಣಕಾಲನ್ನೇ ನೋಡುತ್ತಾ ಕೂತಿರುತ್ತಿದ್ದೆ. ಆದ್ದರಿಂದ ಮೂರನೆಯ ನಮಸ್ಕಾರ; ಇದರಲ್ಲಿ ವ್ಯಂಗ್ಯವಿಲ್ಲ.

ನನ್ನ ಪಕ್ಕದಲ್ಲಿದ್ದ ಮೋರಿತಾ-ಸಾನ್ ಅವರ ಮಗಳೂ ಅದೇ ತಂಡದವಳು. ಅವರ ವಯಸ್ಸಾದ ತಂದೆ ನಗೋಯಾದ ಮನೆಯಲ್ಲಿ ಅದೇ ಕರಡಿಯ ಮುಂದೆ ಕೂತಿದ್ದರು. ಮೋರಿತಾ-ಸಾನ್ ನನ್ನನ್ನು ಸ್ವಲ್ಪ ಹೊತ್ತು ಗಮನಿಸಿ, ತಮ್ಮ ಫೋನು ತೆಗೆದು, ಬಾಯಿಗೆ ಕೈ ಅಡ್ಡ ಹಿಡಿದು “ಅಪ್ಪಾ, ಕೇಳಿಸ್ತಿದೆಯಾ?” ಎಂದು ಶುರುಮಾಡಿದರು. ಅವರ ಹಿಂದಿನ ಸಾಲಿನವರು ಫೋನು ತೆಗೆದರು. ನೋಡನೋಡುತ್ತಿದ್ದಂತೆ ನಗೋಯಾದಿಂದ ಬಂದವರು ಕೂತಿದ್ದ ಮೂಲೆಯೆಲ್ಲ ಜೇನುಗೂಡಿನಂತೆ ಗುಂಯ್‌ಗುಡತೊಡಗಿತು. ನೊನಾಕಾ-ಸಾನ್ ನಿಯಮದ ಪುಸ್ತಕ ಹಿಡಿದು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿದರು. ಎಲ್ಲರೂ ತಲೆಬಾಗಿ ಒಂದೇ ಮಾತು ಹೇಳಿದರು: ತಂದೆಯ ಜೊತೆ ಮಾತಾಡುತ್ತಿದ್ದೇನೆ, ಅಜ್ಜಿಯ ಜೊತೆ ಮಾತಾಡುತ್ತಿದ್ದೇನೆ. ಮನೆಯವರ ಜೊತೆ ಮಾತಾಡಬಾರದೆಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಕೊನೆಗೆ ಅವರು ಪುಸ್ತಕ ಮುಚ್ಚಿ ನನ್ನ ಪಕ್ಕ ಬಂದು ನಿಂತರು. ಪ್ರೇಕ್ಷಕರ ಮೇಲೆ ಕಣ್ಣಿಡುವುದು ಅವರ ಕೆಲಸವಾದ್ದರಿಂದ ಅಂಕಣಕ್ಕೆ ಬೆನ್ನು ಹಾಕಿಯೇ ಇರಬೇಕು. ಸ್ವಲ್ಪ ಹೊತ್ತು ತಡೆದು, ತುಟಿ ಅಲುಗಿಸದೆ ನನ್ನನ್ನೇ ಕೇಳಿದರು, “ಈಗ ಯಾರು ಮುಂದಿದ್ದಾರೆ?”

ಎದುರು ತಂಡದವರು ಮುಂದಿದ್ದರು, ಒಂದೇ ಅಂಕದಿಂದ. ಸಮಯ ಮುಗಿಯುತ್ತಾ ಬಂದಿತ್ತು, ಚೆಂಡು ಕೃಪಾಳ ಕೈಯಲ್ಲಿತ್ತು. ಕೊನೆಯ ಎಸೆತ ಅವಳದೇ ಎಂದು ಇಡೀ ಕ್ರೀಡಾಂಗಣ ಎದ್ದು ನಿಂತಿತು.

“ಇಬ್ಬರು ಅವಳ ಮೇಲೆ ಬಿದ್ದಿದಾರೆ ಅತ್ತೆ.”

“ಇಬ್ಬರಾ? ಹಾಗಾದ್ರೆ ಇನ್ನೆಲ್ಲೋ ಒಬ್ಬಳು ಖಾಲಿ ಇರ್ತಾಳೆ. ಹುಡುಕು.”

“ಮೂಲೆಯಲ್ಲಿ. ಮೋರಿತಾ ಅವರ ಮಗಳು. ಒಬ್ಬಳೇ ಇದಾಳೆ.”

“ಕೊಡ್ತಾಳೆ ನೋಡು,” ಎಂದರು ಅತ್ತೆ. ಅವರು ಹೇಳಿ ಮುಗಿಸುವಷ್ಟರಲ್ಲಿ ಕೃಪಾ ಒಂದು ಕಾಲೂರಿ ಗಿರ್ರನೆ ಸುತ್ತಿ, ಬುಟ್ಟಿಯ ಕಡೆ ನೋಡುತ್ತಲೇ ಚೆಂಡನ್ನು ಮೂಲೆಗೆ ಕಳಿಸಿದ್ದಳು. ಮೋರಿತಾ ಹುಡುಗಿ ಎಸೆದಳು. ಚೆಂಡು ಬಳೆಯ ಮೇಲೆ ಸುತ್ತಿತು, ಮತ್ತೆ ಸುತ್ತಿತು, ಆಚೆ ಬಿತ್ತು. ಸೀಟಿ ಮೊಳಗಿತು.

ನಾನು ವಿವರಣೆ ಮರೆತು ಕೃಪಾಳನ್ನು ಕಣ್ಣಲ್ಲೇ ಹುಡುಕತೊಡಗಿದೆ. ಆಮೇಲೆ ಅತ್ತೆ, “ಬೀಳಲಿಲ್ಲ ಅಲ್ವಾ,” ಎಂದರು.

“ಇಲ್ಲ ಅತ್ತೆ.”

“ಇರಲಿ. ಅಲ್ಲಿಗೇ ಕೊಡಬೇಕಿತ್ತು. ನಾನಾಗಿದ್ರೆ ಆಸೆಗೆ ಬಿದ್ದು ನಾನೇ ಎಸೀತಿದ್ದೆ.”

ಬಟ್ಟೆ ಬದಲಾಯಿಸುವ ಕೋಣೆಯಿಂದ ಕೃಪಾ ಕೆಂಪು ಕಣ್ಣಿಟ್ಟುಕೊಂಡು ಓಡಿಬಂದು ನನ್ನ ಫೋನು ಕಿತ್ತುಕೊಂಡಳು. ಮನೆಯಲ್ಲಿ ಕರಡಿ ಬಂದದ್ದು ಅವಳಿಗೆ ಗೊತ್ತಿರಲಿಲ್ಲ.

“ಅಜ್ಜಿ, ಸಾರಿ. ಲಾಸ್ಟ್ ಪಾಸ್... ನೋಡಿದ್ಯಾ?”

“ನೋಡ್ದೆ ಕಣೇ,” ಎಂದರು ಅತ್ತೆ. “ಪೂರ್ತಿ ನೋಡ್ದೆ.”

ಮಾನ್ಯರೇ, ಮುಂದಿನ ವಾರ ತಮ್ಮ ಕಚೇರಿಯಿಂದ ನನಗೊಂದು ಸೌಜನ್ಯಪೂರ್ಣ ಎಚ್ಚರಿಕೆ ಬಂತು. ಅನುಮತಿಯಿಲ್ಲದ ಮೌಖಿಕ ಪ್ರಸಾರ ಮಾಡಿದ್ದೇನಂತೆ. ಅದೇ ಹೊತ್ತಿಗೆ ತಾವು ಬಿಡುಗಡೆ ಮಾಡಿದ ಪಂದ್ಯದ ಮುಖ್ಯಾಂಶಗಳನ್ನೂ ನೋಡಿದೆ. ಗೆದ್ದವರು ಕುಣಿದದ್ದು ಇದೆ, ತಪ್ಪಿದ ಎಸೆತ ಇದೆ, ಆ ಪಾಸು ಇಲ್ಲ. ತಮ್ಮ ಅಷ್ಟೊಂದು ಕ್ಯಾಮೆರಾಗಳು ಬುಟ್ಟಿಯನ್ನೇ ನೋಡುತ್ತಿದ್ದವು. ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಇನ್ನೂ ಹುಟ್ಟದ ಆ ಭಾರತದ ಹಕ್ಕುದಾರರು ಹುಟ್ಟಿದ ಕೂಡಲೇ ತಿಳಿಸಿ, ನಾಮಕರಣಕ್ಕೆ ನಾವೆಲ್ಲ ಬರುತ್ತೇವೆ. ಅತ್ತೆ-ಸೊಸೆಯರ ಮಾತುಕತೆಯ ಹಕ್ಕನ್ನು ತಾವು ಕೊಳ್ಳುವುದಾದರೆ, ಮಾತಾಡದೆ ಕಳೆದ ಹಿಂದಿನ ವರ್ಷಗಳನ್ನೂ ಸೇರಿಸಿಯೇ ಕೊಳ್ಳಬೇಕು, ಬಿಡಿಯಾಗಿ ಮಾರುವುದಿಲ್ಲ. ಮುಂದಿನ ಋತುವಿನಿಂದ ಹೋಮ್ ಟೀಮಿನ ಅಜ್ಜ-ಅಜ್ಜಿಯರನ್ನು ಪಂದ್ಯದ ದಿನ ಬೇರೆ ಜಿಲ್ಲೆಗೆ ಸಾಗಿಸಲು ಬಸ್ಸು ಬಿಡಿ. ಕಾಲು ಉಳುಕಿದವರಿಗೆ ಕಿಟಕಿಯ ಸೀಟು ಇರಲಿ. ನೊನಾಕಾ-ಸಾನ್ ಅವರಿಗೆ ಒಂದು ದಿನ ರಜೆ ಕೊಟ್ಟು ಅಂಕಣದ ಕಡೆ ಮುಖ ಮಾಡಿ ಕೂರಿಸಿ. ಎಚ್ಚರಿಕೆ ಪತ್ರದಲ್ಲಿ ನನ್ನ ವಿವರಣೆಯನ್ನು ವೃತ್ತಿಪರ ಮಟ್ಟದ್ದೆಂದು ವರ್ಣಿಸಿದ್ದೀರಿ. ಆ ಸಾಲನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. ಅವರು ಒಪ್ಪಲಿಲ್ಲ.

ಇಷ್ಟಾದರೂ
ತಮ್ಮ ವಿಶ್ವಾಸಿ,
ಯಾಮಿನಿ ಚಂದ್ರಮೋಹನ್
ನಗೋಯಾ

ಬರೆದು ಮುಗಿಸಿದ ಮೇಲೆ ನೆನಪಾದದ್ದು: ನಮ್ಮ ಪಕ್ಕದ ಮನೆಯ ಕೂಸು ಇವತ್ತೋ ನಾಳೆಯೋ ಮೊದಲ ಹೆಜ್ಜೆ ಇಡುವ ಲಕ್ಷಣವಿದೆ. ಅದರ ಅಜ್ಜ ಹೊಕ್ಕೈದೊದಲ್ಲಿದ್ದಾರೆ, ನೋಡಲು ಕಾತರರಾಗಿದ್ದಾರೆ. ಆ ಹೆಜ್ಜೆಯ ಹಕ್ಕನ್ನು ಈಗಾಗಲೇ ತಾವು ಕೊಂಡಿದ್ದರೆ ದಯವಿಟ್ಟು ಬೇಗ ತಿಳಿಸಿ, ತಮ್ಮ ಕ್ಯಾಮೆರಾ ಬರುವವರೆಗೆ ಕೂಸನ್ನು ಹಿಡಿದು ಕೂರಿಸಿರುತ್ತೇವೆ.